ಒತ್ತಡವೂ ಕಾಲವೂ: ಬೆನ್ನುಹುರಿಗೆ ಪೆಟ್ಟಾದವರ ಆರೈಕೆಯ ಲೆಕ್ಕ

ತರಗತಿಯಲ್ಲಿ ಒಂದು ಗಂಟೆಯ ಪಾಠ ಕೇಳುತ್ತ ಮರದ ಬೆಂಚಿನ ಮೇಲೆ ಕುಳಿತಿರುವ ವಿದ್ಯಾರ್ಥಿಗಳನ್ನು ವೇದಿಕೆಯ ಮೇಲಿಂದ ನೋಡುವವರಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಅವರಲ್ಲಿ ಒಬ್ಬರೂ ನಿಶ್ಚಲರಾಗಿ ಕುಳಿತಿರುವುದಿಲ್ಲ. ಒಬ್ಬನು ಎಡಕ್ಕೆ ವಾಲುತ್ತಾನೆ, ಇನ್ನೊಬ್ಬಳು ಮುಂದಕ್ಕೆ ಬಾಗಿ ಮೊಣಕೈ ಊರುತ್ತಾಳೆ, ಮತ್ತೊಬ್ಬನು ಕಾಲ ಮೇಲೆ ಕಾಲು ಹಾಕಿ ಐದು ನಿಮಿಷದಲ್ಲಿ ಅದನ್ನು ತೆಗೆದುಬಿಡುತ್ತಾನೆ. ಉಪಾಧ್ಯಾಯರು ಇದನ್ನು ಬಹುಕಾಲದಿಂದ ಅಲಕ್ಷ್ಯದ ಗುರುತೆಂದು ತಿಳಿದು ಗದರಿಸುತ್ತ ಬಂದಿದ್ದಾರೆ, ನಾವೂ ಗದರಿಸಿದ್ದುಂಟು. ಆದರೆ ಈ ಚಡಪಡಿಕೆಯಲ್ಲಿ ಪಾಠದ ದೋಷಕ್ಕಿಂತ ದೇಹದ ಬುದ್ಧಿವಂತಿಕೆಯೇ ಹೆಚ್ಚಾಗಿದೆ. ಬಹಳ ಹೊತ್ತು ಒಂದೇ ಸ್ಥಳದ ಮೇಲೆ ಭಾರ ಬಿದ್ದರೆ ಅಲ್ಲಿನ ಚರ್ಮವೂ ಮಾಂಸವೂ ಮಿದುಳಿಗೆ ದೂರು ಕೊಡುತ್ತವೆ. ಮಿದುಳು ನಮಗೆ ತಿಳಿಯದಂತೆಯೇ ಭಾರವನ್ನು ಬೇರೆ ಕಡೆಗೆ ಸರಿಸುತ್ತದೆ. ನಿದ್ರೆಯಲ್ಲಿಯೂ ಈ ವ್ಯವಹಾರ ನಿಲ್ಲುವುದಿಲ್ಲ. ಆರೋಗ್ಯವಂತನು ರಾತ್ರಿಯಲ್ಲಿ ಅನೇಕ ಬಾರಿ ಮಗ್ಗುಲು ಬದಲಿಸುತ್ತಾನೆ. ಬೆಳಗ್ಗೆ ಕೇಳಿದರೆ ಒಂದೂ ಅವನಿಗೆ ನೆನಪಿರುವುದಿಲ್ಲ.

ಈ ದೂರು ಹೋಗುವ ದಾರಿಯೇ ತುಂಡಾದರೆ ಏನಾಗುತ್ತದೆ? ದೂರನ್ನು ಒಯ್ಯುವ ನರತಂತುಗಳೆಲ್ಲ ಬೆನ್ನುಹುರಿಯ ಮೂಲಕ ಮಿದುಳನ್ನು ಸೇರುತ್ತವೆ. ಸ್ನಾಯುಗಳಿಗೆ ಆಜ್ಞೆ ಬರುವುದೂ ಅದೇ ದಾರಿಯಿಂದ. ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಪೆಟ್ಟಿನ ಕೆಳಗಿನ ಭಾಗದಿಂದ ದೂರೂ ಹೋಗದು, ಅಲ್ಲಿಗೆ ಆಜ್ಞೆಯೂ ಬಾರದು. ಕಾಲು ನಡೆಯದೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕುಳಿತ ಸ್ಥಳದಲ್ಲಿ ಮಾಂಸವು ಸದ್ದಿಲ್ಲದೆ ಸಾಯುತ್ತಿರುವುದು ಯಾರ ಕಣ್ಣಿಗೂ ಬೀಳದು. ಇಂಥವರ ಪ್ರಾಣಕ್ಕೆ ಎರವಾಗುವುದು ಅನೇಕವೇಳೆ ಮೊದಲನೆಯದಲ್ಲ, ಎರಡನೆಯದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯನ್ನು ಮಾಡಲಾಯಿತು. ಈ ಸೀಮೆಯ ದಿನಬಳಕೆಯನ್ನು ಬಲ್ಲವರಿಗೆ ಬೆನ್ನುಹುರಿಗೆ ಪೆಟ್ಟಾಗುವ ಸಂದರ್ಭಗಳನ್ನು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವನು ನಿದ್ದೆಗಣ್ಣಿನಲ್ಲಿ ಎದ್ದು ಕೆಳಕ್ಕೆ ಬೀಳಬಹುದು. ಆಡಿಗೆ ತಪ್ಪಲು ತರಲು ಬೇವಿನ ಮರ ಹತ್ತಿದವನ ಕೊಂಬೆ ಮುರಿಯಬಹುದು. ಕಾಲುವೆಯ ಸೀಮೆಯಾದ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲಿಯ ಕಾಲು ಹಲಗೆಯ ಮೇಲೆ ಜಾರಬಹುದು. ರಸ್ತೆಯ ಅಪಘಾತಗಳಂತೂ ಇದ್ದೇ ಇವೆ. ಇವಲ್ಲದೆ ಕುಷ್ಟಗಿ, ಯಲಬುರ್ಗಾ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಹೆಚ್ಚಾಗಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು ೧.೫ ಮಿಲಿಗ್ರಾಮನ್ನು ಮೀರಬಾರದು. ಬಹಳ ಹೆಚ್ಚು ಫ್ಲೋರೈಡುಳ್ಳ ನೀರನ್ನು ಅನೇಕ ವರ್ಷ ಕುಡಿದವರಲ್ಲಿ ಬೆನ್ನೆಲುಬು ದಪ್ಪವಾಗಿ ಬೆಳೆದು ಒಳಗಿನ ಹುರಿಯನ್ನೇ ಅಮುಕುವುದುಂಟು. ಮೇಲಿಂದ ಬೀಳದೆಯೇ ಕಾಲಿನ ಬಲ ಕಳೆದುಕೊಳ್ಳುವ ದಾರಿ ಇದು. ಆ ವಿಷಯವೇ ಒಂದು ಪ್ರತ್ಯೇಕ ಲೇಖನಕ್ಕೆ ಸಾಕಷ್ಟಿದೆ. ಸದ್ಯಕ್ಕೆ ನಾವು ಒತ್ತಡದ ಕಡೆಗೆ ತಿರುಗೋಣ.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬೆಲೆ. ೬೦ ಕಿಲೋಗ್ರಾಮ್ ತೂಕದ ಒಬ್ಬನು ಕುರ್ಚಿಯಲ್ಲಿ ಕುಳಿತಿದ್ದಾನೆಂದು ಭಾವಿಸೋಣ. ಕಾಲಿನ ಹಲಗೆಯೂ ಬೆನ್ನಿನ ಆಸರೆಯೂ ಹೊತ್ತ ಭಾಗವನ್ನು ಬಿಟ್ಟರೆ ತೂಕದ ಸುಮಾರು ಮುಕ್ಕಾಲು ಪಾಲು, ಅಂದರೆ ೪೫ ಕಿಲೋಗ್ರಾಮ್, ಆಸನದ ಮೇಲೆ ಬೀಳುತ್ತದೆ. ಇದು ೪೪೧ ನ್ಯೂಟನ್ನುಗಳ ಬಲ. ಆಸನವು ಬರಿಯ ಹಲಗೆಯಾಗಿದ್ದು ದೇಹವು ಅದನ್ನು ೩೦೦ ಚದರ ಸೆಂಟಿಮೀಟರುಗಳಷ್ಟು ಮಾತ್ರ ಮುಟ್ಟುತ್ತಿದ್ದರೆ ಒತ್ತಡವು ೧೪,೭೦೦ ಪಾಸ್ಕಲ್ ಆಗುತ್ತದೆ. ವೈದ್ಯರು ರಕ್ತದೊತ್ತಡವನ್ನು ಅಳೆಯುವ ಮಾನದಲ್ಲಿ ಹೇಳುವುದಾದರೆ ಇದು ಪಾದರಸದ ಸುಮಾರು ೧೧೦ ಮಿಲಿಮೀಟರು. ಅದೇ ವ್ಯಕ್ತಿಯನ್ನು ದೇಹದ ಆಕಾರಕ್ಕೆ ತಗ್ಗಿ ಒಪ್ಪುವ ಒಳ್ಳೆಯ ಮೆತ್ತೆಯ ಮೇಲೆ ಕುಳ್ಳಿರಿಸಿದರೆ ತೊಡೆಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಮುಟ್ಟುವ ವಿಸ್ತೀರ್ಣವು ೧,೦೦೦ ಚದರ ಸೆಂಟಿಮೀಟರಿಗೆ ಏರಿದರೆ ಒತ್ತಡವು ೩೩ ಮಿಲಿಮೀಟರಿಗೆ ಇಳಿಯುತ್ತದೆ. ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲವೆಂಬುದನ್ನು ಗಮನಿಸಿರಿ.

ಇವು ಸರಾಸರಿ ಬೆಲೆಗಳು. ದೇಹವು ಹಿಟ್ಟಿನ ಮುದ್ದೆಯಲ್ಲ, ಅದರೊಳಗೆ ಮೂಳೆಗಳಿವೆ. ಕುಳಿತಾಗ ಸೊಂಟದ ಎಲುಬಿನ ಕೆಳತುದಿಯ ಎರಡು ಗುಬ್ಬುಗಳು ಭಾರದ ಹೆಚ್ಚಿನ ಪಾಲನ್ನು ಹೊರುತ್ತವೆ. ಅಂಗಾತ ಮಲಗಿದಾಗ ಬೆನ್ನಿನ ಬುಡದ ತ್ರಿಕಾಸ್ಥಿಯೂ ಹಿಮ್ಮಡಿಗಳೂ, ಮಗ್ಗುಲಾದಾಗ ತೊಡೆಯ ಮೂಳೆಯ ಹೊರಗುಬ್ಬೂ ಆ ಕೆಲಸವನ್ನು ಮಾಡುತ್ತವೆ. ಇಂಥ ಸ್ಥಳಗಳಲ್ಲಿ ಒತ್ತಡವು ಸರಾಸರಿಯ ಎಷ್ಟೋ ಪಟ್ಟು ಆಗಬಹುದು. ಅದೂ ಚರ್ಮದ ಮೇಲೆ ಅಲ್ಲ, ಮೂಳೆಗೆ ತಾಗಿದ ಆಳದ ಮಾಂಸದಲ್ಲಿ ಅತ್ಯಧಿಕವಾಗಿರುತ್ತದೆ. ಆದುದರಿಂದ ಎಷ್ಟೋ ಹುಣ್ಣುಗಳು ಒಳಗೆ ಹುಟ್ಟಿ ಹೊರಗೆ ಬರುತ್ತವೆ. ಚರ್ಮದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಲೆ ಕಂಡಾಗ ಒಳಗೆ ನಿಂಬೆಹಣ್ಣಿನಷ್ಟು ಹಾಳಾಗಿರಬಹುದು.

ಒತ್ತಡ ಎಷ್ಟಾದರೆ ಕೇಡು? ೧೯೩೦ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞರು ಮನುಷ್ಯನ ಉಗುರಿನ ಬುಡದ ಲೋಮನಾಳಗಳಿಗೆ ಅತಿ ಸೂಕ್ಷ್ಮವಾದ ಗಾಜಿನ ಕೊಳವೆಯನ್ನು ಚುಚ್ಚಿ ಒಳಗಿನ ರಕ್ತದ ಒತ್ತಡವನ್ನು ಅಳೆದರು. ರಕ್ತವು ಲೋಮನಾಳವನ್ನು ಪ್ರವೇಶಿಸುವ ತುದಿಯಲ್ಲಿ ಅದು ಸರಾಸರಿ ೩೨ ಮಿಲಿಮೀಟರಿತ್ತು. ಹೊರಗಿನ ಒತ್ತಡ ಇದನ್ನು ಮೀರಿದರೆ ನಾಳವು ಮುಚ್ಚಿಹೋಗುತ್ತದೆಂದು ತರ್ಕಿಸಿ, ಈ ಸಂಖ್ಯೆಯನ್ನು ಬಹುಕಾಲ ಗಡಿಗೆರೆಯಂತೆ ಬಳಸಿದರು. ಅದು ಅಷ್ಟು ಸರಳವಲ್ಲವೆಂದು ಈಗ ತಿಳಿದಿದೆ. ವ್ಯಕ್ತಿಯಿಂದ ವ್ಯಕ್ತಿಗೆ, ಅಂಗದಿಂದ ಅಂಗಕ್ಕೆ ಈ ಬೆಲೆ ಬೇರೆಯಾಗುತ್ತದೆ. ಮಾಂಸಕಣಗಳು ಅತಿಯಾಗಿ ಹಿಗ್ಗಿ ಸೊಟ್ಟಗಾದರೆ ರಕ್ತ ನಿಲ್ಲುವ ಮುಂಚೆಯೇ ಕೆಡಬಲ್ಲವು. ಇದಕ್ಕಿಂತ ಮುಖ್ಯವಾದ ಅಂಶವನ್ನು ಮೈಕೆಲ್ ಕೊಸಿಯಾಕ್ ಎಂಬ ವೈದ್ಯರು ೧೯೫೯ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಹೆಚ್ಚಿನ ಒತ್ತಡವು ಅಲ್ಪಕಾಲದಲ್ಲಿ ಮಾಡುವ ಹಾನಿಯನ್ನು ಕಡಿಮೆ ಒತ್ತಡವು ದೀರ್ಘಕಾಲದಲ್ಲಿ ಮಾಡುತ್ತದೆ. ೧೯೭೬ರಲ್ಲಿ ರೆಸ್ವಿಕ್ ಮತ್ತು ರೋಜರ್ಸ್ ಎಂಬವರು ಕ್ಯಾಲಿಫೋರ್ನಿಯದ ಒಂದು ಆಸ್ಪತ್ರೆಯ ರೋಗಿಗಳ ಅನುಭವದಿಂದ ಇದೇ ಸಂಬಂಧವನ್ನು ಒಂದು ವಕ್ರರೇಖೆಯಾಗಿ ಬರೆದರು. ಅಡ್ಡಗೆರೆಯ ಮೇಲೆ ಕಾಲ, ಲಂಬಗೆರೆಯ ಮೇಲೆ ಒತ್ತಡ; ಬಾಯ್ಲನ ನಿಯಮದ ರೇಖೆಯನ್ನು ಎಳೆದ ವಿದ್ಯಾರ್ಥಿಗೆ ಇದರ ಆಕಾರ ಪರಿಚಿತವೆನಿಸೀತು. ರೇಖೆಯ ಕೆಳಗಿದ್ದರೆ ಕ್ಷೇಮ, ಮೇಲೆ ಹೋದರೆ ಹುಣ್ಣು. ಇದೂ ಅಂದಾಜಿನ ರೇಖೆಯೇ. ಆದರೂ ಆರೈಕೆಯ ಎರಡು ಉಪಾಯಗಳು ಇದರಿಂದ ಹೊಳೆಯುತ್ತವೆ. ಒತ್ತಡವನ್ನು ಇಳಿಸಲಾಗದಿದ್ದರೆ ಕಾಲವನ್ನು ಇಳಿಸಬೇಕು. ಕಾಲವನ್ನು ಇಳಿಸಲಾಗದಿದ್ದರೆ ಒತ್ತಡವನ್ನು.

ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಬಹುಪಾಲು ಜನ ಹುಣ್ಣಿನ ನಂಜಿನಿಂದಲೋ ಮೂತ್ರಕೋಶದ ಸೋಂಕಿನಿಂದಲೋ ಬೇಗನೆ ತೀರಿಕೊಂಡರು. ಅವರ ವಿಷಯದಲ್ಲಿ ಮಾಡುವುದೇನೂ ಇಲ್ಲವೆಂದು ವೈದ್ಯಲೋಕವು ಕೈಚೆಲ್ಲಿತ್ತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ೧೯೩೯ರಲ್ಲಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ನರು ೧೯೪೪ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಇಂಥವರಿಗಾಗಿ ಒಂದು ವಿಭಾಗವನ್ನು ತೆರೆದು, ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯನ್ನೂ ಮಗ್ಗುಲು ತಿರುಗಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಅಲ್ಲಿ ಸಾಯಬೇಕಾದವರು ಬದುಕಿದರು. ಬದುಕಿದವರು ಸುಮ್ಮನಿರಲಿಲ್ಲ, ೧೯೪೮ರ ಜುಲೈ ೨೯ರಂದು, ಲಂಡನ್ನಿನ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಅವರಲ್ಲಿ ೧೬ ಜನ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸಿನ ಮೂಲ ಅದು. ನಮ್ಮ ದೇಶದಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸರು ೧೯೫೪ರ ರಸ್ತೆ ಅಪಘಾತದಲ್ಲಿ ಸ್ವತಃ ಬೆನ್ನುಹುರಿಯ ಪೆಟ್ಟಿಗೆ ಒಳಗಾಗಿ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಮುಂದೆ ೧೯೬೬ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆಯೊಂದು ನೆಲೆಗೊಳ್ಳಲು ಕಾರಣರಾದರು. ಬೆಂಗಳೂರಿನಲ್ಲಿ, ಪೋಲಿಯೋಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿಯೇ ವಿಕಲಚೇತನರ ಸಂಘವನ್ನು ಕಟ್ಟಿದರು. ಕೊಪ್ಪಳ ಸೀಮೆಯಲ್ಲಿ ‘ಸಮೂಹ’ ಸಂಸ್ಥೆಯ ‘ಸಾಮರ್ಥ್ಯ’ ವಿಭಾಗವು ಬೆನ್ನುಹುರಿಗೆ ಪೆಟ್ಟಾದವರೊಡನೆ ಕೆಲಸ ಮಾಡಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಯಾರಿಗೆ ಎಷ್ಟು ನೆರವು ಬೇಕೆಂಬುದನ್ನು ಗೊತ್ತುಮಾಡುವುದು ಹೇಗೆ? ಇದಕ್ಕೆ ಕೆಲವು ಅಳತೆಗೋಲುಗಳಿವೆ. ೧೯೬೨ರಲ್ಲಿ ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯು ದೇಹಸ್ಥಿತಿ, ಮನಃಸ್ಥಿತಿ, ನಡೆದಾಟ, ಮೈಹೊರಳಿಕೆ, ಮಲಮೂತ್ರಗಳ ಹಿಡಿತ ಈ ಐದಕ್ಕೂ ೧ರಿಂದ ೪ರ ವರೆಗೆ ಅಂಕ ಕೊಡುವ ಕ್ರಮವನ್ನು ತಂದರು. ಮೊತ್ತ ೧೪ ಅಥವಾ ಅದಕ್ಕಿಂತ ಕಡಿಮೆಯಾದರೆ ಹುಣ್ಣಿನ ಭಯವಿದೆಯೆಂದು ಅರ್ಥ. ೧೯೮೭ರಲ್ಲಿ ಬಂದ ಬ್ರೇಡನ್ ಮಾನವು ಸ್ಪರ್ಶಜ್ಞಾನ, ಚರ್ಮದ ತೇವ, ಆಹಾರ, ಉಜ್ಜುವಿಕೆ ಇವನ್ನೂ ಲೆಕ್ಕಕ್ಕೆ ಹಿಡಿಯಿತು. ೧೯೬೫ರ ಬಾರ್ಥೆಲ್ ಸೂಚಿಯು ಊಟ, ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಕುರ್ಚಿಗೆ ಸರಿಯುವಿಕೆ, ಮೆಟ್ಟಿಲು ಹತ್ತುವಿಕೆ ಮುಂತಾದ ಹತ್ತು ಕೆಲಸಗಳಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ಇವೆಲ್ಲ ಉಪಯುಕ್ತವಾದವು. ಆದರೆ ಇವು ಯಾವುವೂ ಶೌಚಾಲಯವು ಮನೆಯೊಳಗಿದೆಯೋ ಹಿತ್ತಲಲ್ಲಿದೆಯೋ ಎಂದು ಕೇಳುವುದಿಲ್ಲ.

ಸರಕಾರದ ಪ್ರಮಾಣಪತ್ರದಲ್ಲಿ ಬರೆಯುವ ಶೇಕಡಾ ಪ್ರಮಾಣಕ್ಕೂ ಇದೇ ಮಿತಿಯಿದೆ. ಶೇಕಡಾ ೮೦ ಎಂದು ಬರೆಸಿಕೊಂಡ ಇಬ್ಬರಿದ್ದಾರೆನ್ನೋಣ. ಒಬ್ಬನ ಮನೆ ಗಂಗಾವತಿಯ ಪೇಟೆಯಲ್ಲಿ. ನೆಲ ಸಮ, ಬಚ್ಚಲು ಒಳಗೆ. ಇನ್ನೊಬ್ಬನದು ಕುಷ್ಟಗಿಯ ಕಡೆಯ ಹಳ್ಳಿ. ಒಂದು ಗೇಣು ಎತ್ತರದ ಹೊಸ್ತಿಲು, ಅದರಾಚೆ ಕಟ್ಟೆ, ಕಟ್ಟೆಯಾಚೆ ಕಲ್ಲುಹಾಸು. ಇಬ್ಬರ ದೇಹದ ನಷ್ಟ ಒಂದೇ. ಇಬ್ಬರಿಗೆ ಬೇಕಾದ ನೆರವು ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ಅಂಗೀಕರಿಸಿದ ವರ್ಗೀಕರಣವು ವಿಕಲತೆಯನ್ನು ದೇಹದಲ್ಲಿ ಮಾತ್ರವೇ ಹುಡುಕದೆ ದೇಹಕ್ಕೂ ಪರಿಸರಕ್ಕೂ ನಡುವಣ ಸಂಬಂಧದಲ್ಲಿ ಹುಡುಕುತ್ತದೆ. ನಮ್ಮ ದೇಶದ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ೩೮ನೆಯ ಪ್ರಕರಣವು, ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಸಲ್ಲಿಸಬಹುದೆಂದೂ, ಮಂಡಳಿಯೊಂದು ಅವರ ಅಗತ್ಯವನ್ನು ನಿರ್ಣಯಿಸತಕ್ಕದ್ದೆಂದೂ ಹೇಳುತ್ತದೆ. ಶೇಕಡಾ ಪ್ರಮಾಣ ಬೇರೆ, ನೆರವಿನ ಅಗತ್ಯ ಬೇರೆ ಎಂಬುದನ್ನು ಕಾನೂನೇ ಒಪ್ಪಿದೆಯೆಂದಾಯಿತು.

ನಮ್ಮ ಅಭಿಪ್ರಾಯದಲ್ಲಿ ಎಲ್ಲ ಅಳತೆಗೋಲುಗಳಿಗಿಂತ ಮೊದಲು ಬೇಕಾದುದು ಇಪ್ಪತ್ತನಾಲ್ಕು ಗಂಟೆಗಳ ಒಂದು ದಿನಚರಿ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಎದೆಭಾಗದ ಹತ್ತನೆಯ ಕಶೇರುವಿನ ಬಳಿ ಅವನ ಬೆನ್ನುಹುರಿಗೆ ಪೆಟ್ಟಾಗಿದೆ. ಕೈಗಳಲ್ಲಿ ಪೂರ್ಣ ಬಲವಿದೆ, ಹೊಕ್ಕುಳಿನಿಂದ ಕೆಳಗೆ ಸ್ಪರ್ಶವಿಲ್ಲ. ಬೆಳಗ್ಗೆ ೮ರಿಂದ ಮಧ್ಯಾಹ್ನ ೨ರ ವರೆಗೆ ಅಂಗಡಿಯಲ್ಲಿ ಗಾಲಿಕುರ್ಚಿಯ ಮೇಲೆ ಇರುತ್ತಾನೆ; ೨ರಿಂದ ೪ರ ವರೆಗೆ ಅಂಗಾತ ಮಲಗುತ್ತಾನೆ; ೪ರಿಂದ ೯ರ ವರೆಗೆ ಮತ್ತೆ ಅಂಗಡಿ. ರಾತ್ರಿ ೯ರಿಂದ ೫ರ ವರೆಗೆ ನಿದ್ರೆ. ಮನೆಯವರನ್ನು ಕೇಳಿದರೆ “ದಿನಾ ಕುಂತ್ಕೊಂಡೇ ಇರ್ತಾನ್ರೀ, ಅದರದ್ದ ಹೆದರಿಕಿ” ಎನ್ನುತ್ತಾರೆ. ಆದರೆ ದಿನಚರಿಯನ್ನು ಕಾಗದದ ಮೇಲೆ ಬರೆದಾಗ ಬೇರೆಯೇ ಸಂಗತಿ ತೋರಿಬರುತ್ತದೆ. ಪಂಕದ ಗಾಳಿ ಒಂದೇ ಕಡೆಯಿಂದ ಬರುವುದರಿಂದ ಅವನು ರಾತ್ರಿಯೆಲ್ಲ ಬಲಮಗ್ಗುಲಿನಲ್ಲೇ ಇರುತ್ತಾನೆ. ದಿನದ ಅತಿ ದೀರ್ಘವಾದ, ಒಮ್ಮೆಯೂ ಬದಲಾಗದ ಒತ್ತಡವು ಬಲತೊಡೆಯ ಗುಬ್ಬಿನ ಮೇಲೆ ಎಂಟು ಗಂಟೆ ಬೀಳುತ್ತಿದೆ. ಮನೆಯವರು ಹೆದರಿದುದು ಹಗಲಿಗೆ. ಹುಣ್ಣು ಬರುವುದು ರಾತ್ರಿಯಲ್ಲಿ.

ರಾತ್ರಿ ಎರಡು ಗಂಟೆಗೊಮ್ಮೆ ತಿರುಗಿಸಿರೆಂದು ಹೇಳಿ ಎದ್ದುಬರುವುದು ಸುಲಭ. ತಿರುಗಿಸುವವರು ಯಾರು? ಅವನ ತಾಯಿ ಬೆಳಗಿನ ನಾಲ್ಕಕ್ಕೆ ಎದ್ದು ಎಮ್ಮೆ ಕರೆದು ರೊಟ್ಟಿ ಬಡಿಯಬೇಕು. ಎರಡು ಗಂಟೆಯೆಂಬುದು ನಿಸರ್ಗದ ನಿಯಮವಲ್ಲ. ಅದು ಎಚ್ಚರಿಕೆಯ ಆರಂಭ. ಹಾಸಿಗೆ ಒಳ್ಳೆಯದಾಗಿದ್ದು, ಮಗ್ಗುಲು ಬದಲಿಸಿದ ಅರ್ಧ ಗಂಟೆಯೊಳಗೆ ಚರ್ಮದ ಕೆಂಪು ಮಾಯವಾಗುತ್ತಿದ್ದರೆ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದು. ಹೊಟ್ಟೆಯ ಮೇಲೆ ಬೋರಲು ಮಲಗುವುದನ್ನು ರೂಢಿಮಾಡಿಕೊಂಡರೆ ಹಿಂಭಾಗದ ಎಲ್ಲ ಮೂಳೆಗಳಿಗೂ ಏಕಕಾಲದಲ್ಲಿ ಬಿಡುವು ದೊರೆಯುತ್ತದೆ. ಮಂಚದ ಕಾಲಿಗೆ ಗಂಟುಗಳುಳ್ಳ ಹಗ್ಗವನ್ನು ಕಟ್ಟಿಕೊಟ್ಟರೆ ಕೈಬಲವುಳ್ಳ ಈ ಯುವಕನು ತಾನೇ ಹೊರಳಬಲ್ಲನು. ತಾಯಿಯ ನಿದ್ರೆಯೂ ಲೆಕ್ಕದ ಒಂದು ಪದವೇ ಆಗಿದೆ. ಅದನ್ನು ಬಿಟ್ಟು ಬರೆದ ಯೋಜನೆ ಮೂರನೆಯ ವಾರಕ್ಕೆ ನಿಂತುಹೋಗುತ್ತದೆ.

ಹಗಲಿನ ಕುಳಿತಿರುವಿಕೆಗೆ, ಕೈಯೂರಿ ಮೈಯನ್ನು ಕ್ಷಣಕಾಲ ಎತ್ತಿರೆಂದು ಹಿಂದೆ ಹೇಳುತ್ತಿದ್ದರು. ಒತ್ತಿದ ಸ್ಥಳದಲ್ಲಿ ಆಮ್ಲಜನಕವು ಮೊದಲಿನ ಮಟ್ಟಕ್ಕೆ ಬರಲು ಸುಮಾರು ೨ ನಿಮಿಷ ಬೇಕಾಗುತ್ತದೆಂದು ಮುಂದೆ ಅಳೆದು ತಿಳಿದರು. ಎರಡು ನಿಮಿಷ ಕೈಗಳ ಮೇಲೆ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ, ಭುಜದ ಕೀಲಿಗೂ ಒಳ್ಳೆಯದಲ್ಲ. ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆಗೆ ತರುವುದು, ಅಥವಾ ಗಲ್ಲೆಯ ಮೇಲೆ ಮೊಣಕೈ ಊರಿ ಒಂದೊಂದು ಬದಿಗೆ ವಾಲುವುದು ಮೇಲು. ಬೆಂಚಿನ ಮೇಲಿನ ವಿದ್ಯಾರ್ಥಿ ತಿಳಿಯದೆ ಮಾಡುವುದನ್ನು ಇವನು ಗಡಿಯಾರ ನೋಡಿಕೊಂಡು ಮಾಡಬೇಕು.

ಹಾಸಿಗೆಯ ವಿಷಯವಾಗಿ ಎರಡು ಮಾತು. ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿ ಪ್ರತಿ ಮನೆಯಲ್ಲಿಯೂ ಇರುತ್ತದೆ. ಮಡಿಸಿದ ಕೌದಿ ಮೊದಲ ದಿನ ಮೆತ್ತಗಿದ್ದರೂ ಭಾರಕ್ಕೆ ಬಹುಬೇಗ ಹಲಗೆಯಂತಾಗುತ್ತದೆ. ಯಾವ ಮೆತ್ತೆಯನ್ನಾಗಲಿ ಪರೀಕ್ಷಿಸುವ ಉಪಾಯ ಸರಳವಾದುದು. ಆತ ಅದರ ಮೇಲೆ ಕುಳಿತಿರುವಾಗ ಮೆತ್ತೆಯ ಅಡಿಗೆ ಅಂಗೈ ತೂರಿಸಿ, ಮೂಳೆಯ ಗುಬ್ಬಿನ ಕೆಳಗೆ ಎಷ್ಟು ದಪ್ಪ ಉಳಿದಿದೆಯೆಂದು ಮುಟ್ಟಿ ನೋಡಬೇಕು. ಒಂದು ಅಂಗುಲಕ್ಕಿಂತ ಕಡಿಮೆಯಿದ್ದರೆ ಆ ಮೆತ್ತೆ ಕೆಲಸ ಮಾಡುತ್ತಿಲ್ಲ. ನಡುವೆ ತೂತುಳ್ಳ ರಬ್ಬರಿನ ಬಳೆಯಾಕಾರದ ಮೆತ್ತೆಯನ್ನು ಔಷಧದ ಅಂಗಡಿಯವರು ಇಂದಿಗೂ ಮಾರುತ್ತಾರೆ. ನಡುವಿನ ಒತ್ತಡವನ್ನು ಅದು ತೆಗೆಯುವುದೇನೋ ನಿಜ. ಆದರೆ ಆ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ನಡುವಣ ಭಾಗಕ್ಕೆ ರಕ್ತ ಬರುವ ದಾರಿಯನ್ನು ಸುತ್ತಲೂ ಅಮುಕುತ್ತದೆ. ಅದನ್ನು ಕೊಳ್ಳದಿರುವುದೇ ಲೇಸು.

ಇನ್ನೊಂದು ಕೇಡು ಜಾರುವ ಎಳೆತದಿಂದ ಬರುತ್ತದೆ. ಚಹಾ ಕುಡಿಯಲೆಂದೋ ದೂರದರ್ಶನ ನೋಡಲೆಂದೋ ತಲೆದಿಂಬುಗಳನ್ನು ಒಟ್ಟಿ ಒರಗಿಸುತ್ತಾರಷ್ಟೆ. ದೇಹದ ಮೇಲರ್ಧ ೩೦ ಕಿಲೋಗ್ರಾಮ್ ಇದ್ದು ಬೆನ್ನು ನೆಲಕ್ಕೆ ೩೦ ಡಿಗ್ರಿ ಕೋನದಲ್ಲಿದ್ದರೆ ಕೆಳಕ್ಕೆ ಜಾರುವ ಅಂಶವು ತೂಕದ ಅರ್ಧ, ಅಂದರೆ ೧೫ ಕಿಲೋಗ್ರಾಮಿನಷ್ಟು. ೬೦ ಡಿಗ್ರಿಯಲ್ಲಿ ಅದು ೨೬ಕ್ಕೆ ಏರುತ್ತದೆ. ಚರ್ಮವು ಬಟ್ಟೆಗೆ ಅಂಟಿ ನಿಂತಿದ್ದರೆ ಒಳಗಿನ ತ್ರಿಕಾಸ್ಥಿ ಕೆಳಕ್ಕೆ ಸರಿಯುತ್ತದೆ. ನಡುವಿನ ರಕ್ತನಾಳಗಳು ಎಳೆದು ಸೊಟ್ಟಗಾಗುತ್ತವೆ. ಆದುದರಿಂದ ಬಹಳ ಹೊತ್ತು ಒರಗುವುದಾದರೆ ೩೦ ಡಿಗ್ರಿಯನ್ನು ಮೀರದಿರುವುದು ಕ್ಷೇಮ.

ಹುಣ್ಣಿನ ಆರಂಭವನ್ನು ಗುರುತಿಸಲು ದಿನಕ್ಕೆರಡು ಬಾರಿ ಕನ್ನಡಿ ಹಿಡಿದು ನೋಡಬೇಕು. ಕೆಂಪಾದ ಸ್ಥಳವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಕದಲದಿದ್ದರೆ ಅದೇ ಹುಣ್ಣಿನ ಮೊದಲ ಹಂತ. ಆ ಭಾಗದ ಮೇಲೆ ಭಾರ ಹಾಕುವುದನ್ನು ಅಂದೇ ನಿಲ್ಲಿಸಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಅಲ್ಲಿ ಅಂಗೈಯ ಹಿಂಭಾಗದಿಂದ ಬಿಸಿಯನ್ನೂ ಬೆರಳಿನಿಂದ ಗಡಸನ್ನೂ ಗುರುತಿಸಬೇಕು. ಪರದೇಶದ ಪುಸ್ತಕಗಳ ಚಿತ್ರಗಳನ್ನು ನಂಬಿ ಕುಳಿತರೆ ಹೊತ್ತು ಮೀರುತ್ತದೆ. ಪೆಟ್ಟಾದವಳು ಹೆಣ್ಣುಮಗಳಾದರೆ ಕನ್ನಡಿ ಹಿಡಿಯುವವರು ಯಾರೆಂಬ ಪ್ರಶ್ನೆ ಬರುತ್ತದೆ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನು ಗಂಡಸಾಗಿದ್ದರೆ ಅವಳು ಹೇಳಿಕೊಳ್ಳುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯುವುದು ಶಿಷ್ಟಾಚಾರವಷ್ಟೇ ಅಲ್ಲ, ಚಿಕಿತ್ಸೆಯ ಭಾಗ.

ಶೌಚಕ್ಕೆ ಇನ್ನೊಬ್ಬರನ್ನು ಕರೆಯಬೇಕೆಂಬ ಸಂಕೋಚದಿಂದ ಅನೇಕರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದು ದೊಡ್ಡ ತಪ್ಪು. ಹತೋಟಿ ತಪ್ಪಿದ ಮೂತ್ರಕೋಶದಲ್ಲಿ ಮೂತ್ರ ನಿಂತು ಸೋಂಕಾಗುತ್ತದೆ. ಒಳಗಿನ ಒತ್ತಡವು ೪೦ ಸೆಂಟಿಮೀಟರು ಎತ್ತರದ ನೀರಿನ ಕಂಬದಷ್ಟಕ್ಕೆ ಏರಿ ಹಾಗೆಯೇ ಉಳಿದರೆ ಮೂತ್ರಪಿಂಡಗಳಿಗೆ ಅಪಾಯ. ಇಲ್ಲಿಯೂ ಒತ್ತಡ ಮತ್ತು ಕಾಲ ಜೊತೆಗೂಡಿಯೇ ಕೇಡು ಮಾಡುತ್ತವೆ. ಶುಚಿಯಾದ ಕೈಗಳಿಂದ ನಾಲ್ಕಾರು ಗಂಟೆಗೊಮ್ಮೆ ಸಣ್ಣ ನಳಿಕೆಯನ್ನು ತಾನೇ ಹಾಕಿಕೊಂಡು ಮೂತ್ರಕೋಶವನ್ನು ಬರಿದುಮಾಡುವ ಕ್ರಮವನ್ನು ಅಮೆರಿಕದ ಜ್ಯಾಕ್ ಲ್ಯಾಪಿಡಿಸರು ೧೯೭೨ರಲ್ಲಿ ಪ್ರಕಟಿಸಿದ ಮೇಲೆ ಎಷ್ಟೋ ಜನರ ಮೂತ್ರಪಿಂಡಗಳು ಉಳಿದವು. ಎದೆಭಾಗದ ಆರನೆಯ ಕಶೇರು ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ತುಂಬಿದ ಮೂತ್ರಕೋಶವು ರಕ್ತದೊತ್ತಡವನ್ನು ಹಠಾತ್ತಾಗಿ ಏರಿಸಬಲ್ಲದು. ಅಂಥವರಿಗೆ ತಲೆ ಸಿಡಿಯುವಂತಾಗಿ ಮುಖ ಬೆವರಿದರೆ ಮೊದಲು ನೆಟ್ಟಗೆ ಕೂಡಿಸಿ, ನಳಿಕೆ ಮಡಚಿದೆಯೇ ಎಂದು ನೋಡಿ, ತಡಮಾಡದೆ ವೈದ್ಯರನ್ನು ಕರೆಯಬೇಕು.

ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿಯೂ ಶತ್ರು. ಹಂಡೆಯ ನೀರನ್ನು ಕಾಲಿನ ಮೇಲೆ ಸುರಿಯುವ ಮುನ್ನ ಮೊಣಕೈ ಅದ್ದಿ ನೋಡಬೇಕು. ಒಲೆಯ ಮುಂದೆ ನೆಲದ ಮೇಲೆ ಕುಳಿತು ರೊಟ್ಟಿ ಬೇಯಿಸುವಾಗ ಪಾದವು ಕೆಂಡದ ಬಳಿಗೆ ಸರಿದರೆ ಅವಳಿಗೆ ತಿಳಿಯುವುದು ವಾಸನೆಯಿಂದಲೇ. ಉಷ್ಣತೆ ೪೦ ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳುಗಳಲ್ಲಿ, ಬಿಸಿಲಿಗೆ ನಿಲ್ಲಿಸಿದ ಗಾಲಿಕುರ್ಚಿಯ ಕಪ್ಪು ಆಸನವೂ ಕಬ್ಬಿಣದ ಪಾದಪೀಠವೂ ಸುಡುವ ಹಂಚುಗಳೇ. ಮೇಲಣ ಪೆಟ್ಟಿನವರಿಗೆ ಪೆಟ್ಟಿನ ಕೆಳಗೆ ಬೆವರೂ ಸರಿಯಾಗಿ ಬಾರದು. ಒದ್ದೆಬಟ್ಟೆ, ನೆರಳು, ನೀರು ಇವೇ ಅವರ ಬೆವರು.

ಆರೈಕೆ ಮಾಡುವವರ ಬೆನ್ನಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಚಾಪೆಯ ಮೇಲಿನ ಮಗನನ್ನು ತಾಯಿಯು ಬಾಗಿ ಎತ್ತುವಾಗ ಅವನ ಅರ್ಧ ತೂಕ, ೩೦ ಕಿಲೋಗ್ರಾಮ್, ಅವಳ ಸೊಂಟದಿಂದ ೫೦ ಸೆಂಟಿಮೀಟರು ಮುಂದಿದೆಯೆನ್ನೋಣ. ಅದನ್ನು ಸರಿದೂಗಿಸುವ ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ಹಿಂದೆ ಸುಮಾರು ೫ ಸೆಂಟಿಮೀಟರು ದೂರದಲ್ಲಿವೆ. ಸನ್ನೆಕೋಲಿನ ತತ್ತ್ವದಂತೆ ಸ್ನಾಯುಗಳು ೩೦೦ ಕಿಲೋಗ್ರಾಮಿನಷ್ಟು ಎಳೆಯಬೇಕು. ಅವಳ ಸ್ವಂತ ಮ�ೈಭಾರ ಇದರಲ್ಲಿ ಸೇರಿಲ್ಲ. ದಿನಕ್ಕೆ ಆರು ಬಾರಿ ಹೀಗೆ ಎತ್ತಿದರೆ ಸ್ವಲ್ಪ ದಿನಗಳಲ್ಲಿ ಮನೆಯಲ್ಲಿ ಆರೈಕೆ ಬೇಕಾದವರು ಇಬ್ಬರಾಗುತ್ತಾರೆ. ಗಾಲಿಕುರ್ಚಿಯ ಎತ್ತರಕ್ಕೆ ಸಮನಾದ ಮಂಚವೂ, ಊರ ಬಡಿಗನು ಮಾಡಿಕೊಡಬಹುದಾದ ಎರಡೂವರೆ ಅಡಿ ಉದ್ದದ ನುಣುಪಾದ ಜಾರುಹಲಗೆಯೂ ಇದ್ದರೆ ಎತ್ತುವ ಕೆಲಸವೇ ತಪ್ಪುತ್ತದೆ. ಬರಿಮೈಯಲ್ಲಿ ಹಲಗೆಯ ಮೇಲೆ ಜಾರಬಾರದು, ಬಟ್ಟೆ ಇರಲೇಬೇಕು.

ಇಷ್ಟೆಲ್ಲ ಓದಿದವರು, ಹಾಗಾದರೆ ಮನೆಯಿಂದ ಹೊರಡದಿರುವುದೇ ಕ್ಷೇಮವೆಂದು ಯೋಚಿಸಬಹುದು. ಮನೆಯ ಹಿರಿಯರು ಹಾಗೆಯೇ ಯೋಚಿಸುತ್ತಾರೆ. ನಮ್ಮ ಯುವಕನು ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ತೇರು ನೋಡಬೇಕೆನ್ನುತ್ತಾನೆ. “ಬ್ಯಾಡೋ ತಮ್ಮಾ, ಆ ಗದ್ದಲದಾಗ ಯಾರು ನೋಡ್ಕೋಬೇಕು” ಎಂದು ಕಾಕಾ ಹೇಳುತ್ತಾನೆ. ಅಪಾಯವೆಂಬುದು ಕೇಡು ಸಂಭವಿಸುವ ಪ್ರಮಾಣ, ಸಂಭವಿಸಿದರೆ ಆಗುವ ಹಾನಿ ಇವೆರಡರ ಗುಣಲಬ್ಧ. ಎರಡರಲ್ಲಿ ಯಾವುದನ್ನು ತಗ್ಗಿಸಿದರೂ ಗುಣಲಬ್ಧ ತಗ್ಗುತ್ತದೆ. ಆಸನದ ಮೆತ್ತೆಯನ್ನು ಟಂಟಂ ಗಾಡಿಯಲ್ಲಿಯೂ ಕೆಳಗೆ ಹಾಕಿಕೊಂಡು, ಅರ್ಧ ಗಂಟೆಗೊಮ್ಮೆ ಬಾಗುತ್ತ, ಎರಡು ನಳಿಕೆ ಹೆಚ್ಚಿಗೆ ಇಟ್ಟುಕೊಂಡು, ಜನಸಂದಣಿಯ ಅಂಚಿನಲ್ಲಿ ಹಿಂದೆ ಗೋಡೆಯಿರುವ ಸ್ಥಳವನ್ನು ಮೊದಲೇ ನೋಡಿಟ್ಟು, ಇಬ್ಬರು ಗೆಳೆಯರೊಡನೆ ಹೋಗಿ, ರಾತ್ರಿ ಮನೆಗೆ ಬಂದಕೂಡಲೇ ಕನ್ನಡಿ ನೋಡಿದರೆ ಈ ಪ್ರಯಾಣದ ಅಪಾಯವು ಅವನ ಬಲಮಗ್ಗುಲಿನ ಎಂಟು ಗಂಟೆಯ ನಿದ್ರೆಗಿಂತ ಕಡಿಮೆಯೇ. ೧೯೭೨ರಲ್ಲಿ ರಾಬರ್ಟ್ ಪರ್ಸ್ಕೆ ಎಂಬ ಅಮೆರಿಕದ ಲೇಖಕರು ಅಪಾಯವನ್ನು ಎದುರಿಸುವುದರಲ್ಲಿಯೂ ಮನುಷ್ಯನ ಘನತೆಯೊಂದಿದೆಯೆಂದು ವಾದಿಸಿದರು. ಅವರು ಬರೆದುದು ಬುದ್ಧಿಮಾಂದ್ಯರನ್ನು ಕುರಿತು; ವಾದ ಇಲ್ಲಿಗೂ ಸಲ್ಲುತ್ತದೆ. ಹೋಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸತಕ್ಕವನು ಆ ಯುವಕನೇ. ಲೆಕ್ಕ ಹಾಕಿಕೊಡುವುದು ಮಾತ್ರ ಉಳಿದವರ ಕೆಲಸ.

ಹೊರಗೆ ಹೊರಟವನಿಗೆ ನೆಲವು ಎದುರಾಗುತ್ತದೆ. ಮಸಾರಿ ನೆಲದಲ್ಲಿ ಉರುಳುವ ಗಾಲಿಕುರ್ಚಿ ಮಳೆ ಬಿದ್ದ ಎರೆ ನೆಲದಲ್ಲಿ ಹೂತುಹೋಗುತ್ತದೆ, ಅದರಲ್ಲಿಯೂ ಮುಂದಿನ ಸಣ್ಣ ಗಾಲಿಗಳು. ಕಿರಿದಾದ ವಿಸ್ತೀರ್ಣ, ಹಿರಿದಾದ ಒತ್ತಡ. ಕಟ್ಟಡಗಳ ಇಳಿಜಾರುಗಳಂತೂ ಅನೇಕ ಕಡೆ ನಿಯಮಕ್ಕಾಗಿ ಕಟ್ಟಿದವು, ಹತ್ತುವುದಕ್ಕಾಗಿ ಅಲ್ಲ. ನಾವು ಕೆಲವು ವಿದ್ಯಾರ್ಥಿಗಳೊಡನೆ ಹೋಗಿ ಒಂದು ಕಚೇರಿಯ ಇಳಿಜಾರನ್ನು ಅಳೆದೆವು. ಗೌಂಡಿಗಳು ಬಳಸುವ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯೂ ಒಂದು ಅಳತೆಯ ಪಟ್ಟಿಯೂ ಸಾಕಾದವು. ಎತ್ತರ ೬೨ ಸೆಂಟಿಮೀಟರು. ಇಳಿಜಾರಿನ ಮೈಯುದ್ದ ೨೪೮. ಅಂದರೆ ನಾಲ್ಕಕ್ಕೆ ಒಂದು, ಕೋನವು ೧೪.೫ ಡಿಗ್ರಿ. ಮನುಷ್ಯ ೬೦ ಕಿಲೋಗ್ರಾಮ್, ಕುರ್ಚಿ ೧೫ ಕಿಲೋಗ್ರಾಮ್ ಇದ್ದರೆ ಹಿಂದಕ್ಕೆ ಎಳೆಯುವ ಬಲ ೧೮ ಕಿಲೋಗ್ರಾಮಿಗೂ ಹೆಚ್ಚು. ಇಬ್ಬರ ಒಟ್ಟು ಗುರುತ್ವಕೇಂದ್ರವು ಹಿಂದಿನ ಗಾಲಿ ನೆಲ ಮುಟ್ಟುವ ಬಿಂದುವಿಗಿಂತ ೧೫ ಸೆಂಟಿಮೀಟರು ಮುಂದೆ, ನೆಲದಿಂದ ೫೫ ಸೆಂಟಿಮೀಟರು ಮೇಲೆ ಇದೆಯೆನ್ನಿ. ೧೫ನ್ನು ೫೫ರಿಂದ ಭಾಗಿಸಿ ಬಂದ ಸ್ಪರ್ಶಕಕ್ಕೆ ಕೋನ ನೋಡಿದರೆ ೧೫.೩ ಡಿಗ್ರಿ. ಅದನ್ನು ದಾಟಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಆ ಕಚೇರಿಗೂ ಮಗುಚುವಿಕೆಗೂ ನಡುವೆ ಒಂದು ಡಿಗ್ರಿಯೂ ಇಲ್ಲ; ಹತ್ತುವವನು ಗಾಲಿಯನ್ನು ಸ್ವಲ್ಪ ಜೋರಾಗಿ ತಳ್ಳಿದರೆ ಸಾಕು.

ಒಪ್ಪಿತವಾದ ಪ್ರಮಾಣ ಹನ್ನೆರಡಕ್ಕೆ ಒಂದು. ಅಲ್ಲಿ ಎಳೆಯುವ ಬಲ ೬ ಕಿಲೋಗ್ರಾಮಿನಷ್ಟು, ಕೋನ ೫ ಡಿಗ್ರಿಗೂ ಕಡಿಮೆ. ೬೨ ಸೆಂಟಿಮೀಟರು ಎತ್ತರಕ್ಕೆ ನೆಲದ ಮೇಲೆ ೭ ಮೀಟರು ೪೪ ಸೆಂಟಿಮೀಟರು ಬೇಕು. ಆ ಕಚೇರಿಯ ಅಂಗಳವು ಅಗಲದಲ್ಲಿ ೫ ಮೀಟರು ಮಾತ್ರ ಇದೆ. ನಡುವೆ ಒಂದೂವರೆ ಮೀಟರಿನ ಚೌಕಾಕಾರದ ಸಮತಟ್ಟು ಬಿಟ್ಟು ಇಳಿಜಾರನ್ನು ಅಲ್ಲಿಂದ ಹಿಂದಕ್ಕೆ ತಿರುಗಿಸಿದರೆ ಒಂದೊಂದು ತುಂಡು ೩ ಮೀಟರು ೭೨ ಸೆಂಟಿಮೀಟರು ಆಗುತ್ತದೆ. ಸಮತಟ್ಟು ಸೇರಿ ೫ ಮೀಟರು ೨೨. ಇಪ್ಪತ್ತೆರಡು ಸೆಂಟಿಮೀಟರು ಸಾಲದು. ಅಂಗಳದ ತುದಿಯಲ್ಲಿರುವ ಹೂವಿನ ಕುಂಡಗಳ ಕಟ್ಟೆಯನ್ನು ಒಡೆದರೆ ಅದೂ ಸಿಗುತ್ತದೆಂದು ವಿದ್ಯಾರ್ಥಿಗಳು ನಕ್ಷೆ ಬರೆದು ಕೊಟ್ಟುಬಂದಿದ್ದಾರೆ.